ಮೊಲದ ಕೂದಲು ಉದುರುತ್ತಿದೆಯಾ? ಮೊದಲು ಹಿಕ್ಕೆ ನೋಡಿ

ಚಳಿ ಮುಗಿದು ಬಿಸಿಲು ಏರುವಾಗ ಮೊಲದ ಗೂಡಿನ ಜಾಲರಿಗೆಲ್ಲ ಕೂದಲು ಅಂಟಿದ್ದರೆ ಗಾಬರಿ ಬೇಡ. ಹಳೇ ಕೂದಲು ಹೋಗಿ ಹೊಸದು ಬರೋದು ಸಹಜ. ಆದರೆ ಆ ಕೂದಲು ಹೊಟ್ಟೆ ಸೇರಿ ಅಲ್ಲೇ ಉಳಿದರೆ ಮೊಲದ ಜೀವಕ್ಕೇ ಅಪಾಯ.

ಯಾಕೆ ಉದುರುತ್ತೆ?

ಹಗಲಿನ ಉದ್ದ ಮತ್ತು ಹವೆ ಬದಲಾದಾಗ ಮೊಲ ಕೂದಲು ಬದಲಿಸುತ್ತದೆ. ಲಂಡನ್‌ನಲ್ಲಿ ಡಿಸೆಂಬರ್ ಹಗಲು ಸುಮಾರು 8 ಗಂಟೆ, ಜೂನ್‌ನಲ್ಲಿ 16 ಗಂಟೆ ದಾಟುತ್ತೆ. ನಮ್ಮ ಯಲಹಂಕ, ಹೆಬ್ಬಾಳದಲ್ಲಿ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಹಾಗಾಗಿ ವಿದೇಶಿ ವಿಡಿಯೋ ನೋಡಿ, ವರ್ಷಕ್ಕೆ ಎರಡೇ ಸಲ ಉದುರಬೇಕು ಅಂದುಕೊಳ್ಳಬೇಡಿ. ಮನೆಯೊಳಗೆ ಲೈಟ್ ಬೆಳಕಲ್ಲಿರುವ ಮೊಲ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸಬಹುದು.

ಅಪಾಯ ಎಲ್ಲಿದೆ?

ಮೊಲ ಮೈ ನೆಕ್ಕಿಕೊಳ್ಳುವಾಗ ಕೂದಲು ನುಂಗುತ್ತದೆ. ಬೆಕ್ಕಿನ ಹಾಗೆ ವಾಂತಿ ಮಾಡಲು ಅದಕ್ಕೆ ಆಗಲ್ಲ. ಹುಲ್ಲು, ನೀರು ಸಾಕಷ್ಟಿದ್ದರೆ ಕೂದಲು ಹಿಕ್ಕೆಯ ಜೊತೆ ಹೋಗುತ್ತೆ. ಹುಲ್ಲು ಕಡಿಮೆಯಾಗಿ ಪೆಲೆಟ್, ಬಿಸ್ಕತ್ತು ಜಾಸ್ತಿಯಾದರೆ ಕರುಳು ನಿಧಾನವಾಗಿ ಕೂದಲು ಒಳಗೇ ಉಳಿಯುತ್ತೆ.

ಏನು ಮಾಡಬೇಕು?

• ವಾರಕ್ಕೆ 2–3 ಸಲ, ಹೆಚ್ಚು ಉದುರುವಾಗ ದಿನಾ ಮೆತ್ತನೆ ಬ್ರಷ್‌ನಿಂದ ಬಾಚಿ. ಚರ್ಮ ತೆಳು, ಗಂಟು ಕಟ್ಟಿದರೆ ಎಳೆಯಬೇಡಿ. ಅಂಗೋರಾ ತಳಿಗೆ ಉಣ್ಣೆ ಕತ್ತರಿಸಲೇಬೇಕು.
• ಒಣಹುಲ್ಲು ಅಥವಾ ಹಸಿ ಗರಿಕೆ ಹುಲ್ಲು ದಿನವಿಡೀ ಸಿಗಬೇಕು. ಬೂಸ್ಟು ಹಿಡಿದಿದ್ದು ಬೇಡ.
• ತಂಪಾದ ಶುದ್ಧ ನೀರು ಸದಾ ಇರಲಿ. ಗೂಡು ನೆರಳಲ್ಲಿರಲಿ.
• ಸ್ನಾನ ಮಾಡಿಸಬೇಡಿ, ಮೊಲ ಹೆದರಿ ಕುಸಿಯಬಹುದು. ಒದ್ದೆ ಕೈಯಿಂದ ಸವರಿ ಸಡಿಲ ಕೂದಲು ತೆಗೆಯಿರಿ.

ಇದು ಸಹಜ ಅಲ್ಲ

ಸಹಜವಾಗಿ ಉದುರಿದರೆ ಸಾಮಾನ್ಯವಾಗಿ ತಲೆಯಿಂದ ಹಿಂದಕ್ಕೆ ಸಾಗುತ್ತೆ, ಕೆಳಗೆ ಹೊಸ ಕೂದಲು ಕಾಣುತ್ತೆ. ಬೋಳು ಜಾಗ, ಹೊಟ್ಟು, ತುರಿಕೆ, ಕಿವಿಯೊಳಗೆ ಹಕ್ಕಳೆ ಇದ್ದರೆ ಕಜ್ಜಿ ಇರಬಹುದು. ದುಂಡಗಿನ ಬೋಳು ಕಲೆ ಹುಳುಕಡ್ಡಿ ಆಗಿದ್ದರೆ ನಿಮಗೂ ಅಂಟುತ್ತೆ, ಕೈ ತೊಳೆಯಿರಿ. ಹೆಣ್ಣು ಮೊಲ ಎದೆ, ಹೊಟ್ಟೆಯ ಕೂದಲು ತಾನೇ ಕಿತ್ತು ಹಾಸಿದರೆ ಅದು ಮರಿ ಹಾಕುವ ಸೂಚನೆ ಇರಬಹುದು. ಗರ್ಭದ ಅವಧಿ ಸುಮಾರು 31 ದಿನ.

ಒಂದು ಎಚ್ಚರಿಕೆ: ನಾಯಿಯ ಉಣ್ಣೆ ಔಷಧಿ ಮೊಲಕ್ಕೆ ಹಾಕಬೇಡಿ. ಅದರಲ್ಲಿ ಫಿಪ್ರೊನಿಲ್ ಇದ್ದರೆ ಮೊಲ ಸಾಯಬಹುದು.

ಯಾವಾಗ ಓಡಬೇಕು?

ದಿನಾ ಬೆಳಗ್ಗೆ ಹಿಕ್ಕೆ ನೋಡಿ. ದುಂಡಗೆ, ಒಂದೇ ಗಾತ್ರದಲ್ಲಿದ್ದರೆ ಸರಿ. ಕೂದಲಿನಿಂದ ಮಣಿಸರದ ಹಾಗೆ ಪೋಣಿಸಿಕೊಂಡಿದ್ದರೆ ಹುಲ್ಲು ಹೆಚ್ಚಿಸಿ, ದಿನಾ ಬಾಚಿ. ಸಣ್ಣದಾಗುತ್ತಾ ಬಂದರೆ ವೈದ್ಯರಿಗೆ ತಿಳಿಸಿ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಎಣ್ಣೆ, ಮನೆಮದ್ದು ಕುಡಿಸುತ್ತಾ ಸಮಯ ಕಳೆಯಬೇಡಿ. ಹಿಕ್ಕೆಯ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ತಕ್ಷಣ ವೈದ್ಯರ ಬಳಿ ಹೋಗಿ. ನಮ್ಮ ಭಾಗದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ.