ಬೇರೆಯವರ ಹೆಸರಿನಲ್ಲಿ ಬಂದ ಬಾಂಬು



ಬಾಗಲಕೋಟೆಯಲ್ಲಿ ರೈಲು ಹತ್ತಿ ಬಾದಾಮಿ ದಾಟಿ ದಕ್ಷಿಣಕ್ಕೆ ಹೋದರೆ ಗದಗ ಸಿಗುತ್ತದೆ. ಗದಗಕ್ಕೆ ಅಂಟಿಕೊಂಡೇ ಬೆಟಗೇರಿ. ನಮ್ಮ ಇಳಕಲ್ಲಿನಂತೆ ಅದೂ ಮಗ್ಗದ ಊರು. 1924ರಲ್ಲಿ ಆ ಊರಿನಲ್ಲಿ ಒಬ್ಬರು ಎದ್ದು ನಿಂತು, ತಾವೇ ಚನ್ನಬಸವೇಶ್ವರ ಎಂದು ಜನರ ಮುಂದೆ ಸಾರಿದರು. ಅದಾಗಿ 76 ವರ್ಷಗಳ ನಂತರ ಅವರ ಪಂಥಕ್ಕೆ ಸೇರಿದ ಕೆಲವರು ವಾಡಿ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಕ್ರೈಸ್ತ ದೇವಾಲಯಗಳಿಗೆ ಬಾಂಬು ಇಟ್ಟರು. ಈ ಎರಡು ಘಟನೆಗಳ ನಡುವೆ ಏನಾಯಿತೆಂಬುದನ್ನು ಈ ವಾರ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಅವರನ್ನೂ ಕೂಡಿಸಿಕೊಂಡು ಓದಿರಿ. 2000ದ ಆ ಮಳೆಗಾಲ ಅವರಿಗೆ ಗೊತ್ತಿರಲಾರದು.

ಆ ವ್ಯಕ್ತಿಯ ಹೆಸರು ಸಿದ್ದೀಕ್ ಹುಸೇನ್. ಗುಲಬರ್ಗಾ ಕಡೆಯವರು. ಕನ್ನಡ ಬಲ್ಲವರು, ಲಿಂಗಾಯತರ ಕಾಲಜ್ಞಾನದ ಗ್ರಂಥಗಳನ್ನು ಓದಿಕೊಂಡವರು. ಮುಂದೆ ಬರಲಿರುವ ಮಹಾಪುರುಷನ ಬಗ್ಗೆ ಆ ಗ್ರಂಥಗಳಲ್ಲಿ ಹೇಳಿದ್ದೆಲ್ಲ ತಮ್ಮ ಕುರಿತಾಗಿಯೇ ಎಂದು ಅವರು ವಾದಿಸಿದರು. ತಮ್ಮ ಹೆಸರನ್ನು ದೀನದಾರ್ ಚನ್ನಬಸವೇಶ್ವರ ಎಂದು ಕರೆದುಕೊಂಡರು. ಅವರು ಕಟ್ಟಿದ ಸಂಸ್ಥೆಯೇ ದೀನದಾರ್ ಅಂಜುಮನ್. ಅದರ ಮುಖ್ಯ ಆಶ್ರಮ ಹೈದರಾಬಾದಿನ ಆಸಿಫ್ ನಗರದಲ್ಲಿತ್ತು. ಪ್ರಚಾರಕರು ಕಾವಿ ಬಟ್ಟೆ ಉಟ್ಟು ಊರೂರು ತಿರುಗಿದರು.

ಚನ್ನಬಸವಣ್ಣನವರ ಹೆಸರು ನಮ್ಮ ಭಾಗದಲ್ಲಿ ಎಂಥದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಅಕ್ಕನಾಗಮ್ಮನ ಮಗ, ಬಸವಣ್ಣನವರ ಸೋದರಳಿಯ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದ ಸೀಮೆಯಲ್ಲೇ ಇದೆ. ಚನ್ನಬಸವಣ್ಣನವರ ಉಳವಿಗೆ ನಮ್ಮ ಊರುಗಳಿಂದ ಬಂಡಿ ಕಟ್ಟಿಕೊಂಡು ಹೋಗಿಬಂದ ಮನೆತನಗಳು ಇಂದಿಗೂ ಇವೆ. ಅಂಥ ಹೆಸರನ್ನು ಒಬ್ಬರು ತಮ್ಮದೆಂದರೆ ಕೇಳುವ ಕಿವಿಗಳಿಗೆ ಕೊರತೆ ಇರಲಿಲ್ಲ. ಸಿಟ್ಟಾಗುವವರಿಗೂ ಕೊರತೆ ಇರಲಿಲ್ಲ. ಲಿಂಗಾಯತರು ಅವರನ್ನು ಒಪ್ಪಲಿಲ್ಲ. ಮುಸ್ಲಿಂ ವಿದ್ವಾಂಸರಂತೂ ಇದು ಇಸ್ಲಾಮೇ ಅಲ್ಲವೆಂದು ದೂರವಿಟ್ಟರು. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಕಥೆಯನ್ನು ಓದಿ ಪಕ್ಕದ ಮನೆಯ ಮುಸ್ಲಿಮರ ಕಡೆ ನೋಡುವವರಿಗೆ ಇದರ ಮೊದಲ ಸಾಲೂ ಅರ್ಥವಾಗಿಲ್ಲವೆಂದೇ ಲೆಕ್ಕ.

ಅವರ ಬೋಧನೆ ಹೊರಗಿನಿಂದ ಬಹಳ ಇಂಪಾಗಿತ್ತು. ಎಲ್ಲ ಧರ್ಮಗಳ ಮೂಲ ಒಂದೇ, ಅವತಾರಗಳೂ ಪ್ರವಾದಿಗಳೂ ಒಂದೇ ಸತ್ಯವನ್ನು ತಂದವರು ಎನ್ನುತ್ತಿದ್ದರು. ಸರ್ವಧರ್ಮ ಸಮ್ಮೇಳನಗಳನ್ನು ನಡೆಸುತ್ತಿದ್ದರು. ಆದರೆ ದಾರಿಗಳೆಲ್ಲ ಕೊನೆಗೆ ಸೇರುವುದು ಒಂದೇ ಬಾಗಿಲಿಗೆ, ಆ ಬಾಗಿಲಲ್ಲಿ ನಿಂತವರು ತಾವೇ ಎಂಬುದು ಒಳಗಿನ ಮಾತು. ಇನ್ನೊಬ್ಬರ ಧರ್ಮವನ್ನು ಗೌರವಿಸುವುದು ಬೇರೆ, ಇನ್ನೊಬ್ಬರ ಗ್ರಂಥದೊಳಗೆ ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದು ಬೇರೆ.

ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ಗಮಲಿಯೇಲನೆಂಬ ಧರ್ಮಶಾಸ್ತ್ರಿ ನ್ಯಾಯಸಭೆಗೆ ಥೈದನ ಕಥೆಯನ್ನು ನೆನಪಿಸುತ್ತಾನೆ. ಥೈದ ತಾನೊಬ್ಬ ದೊಡ್ಡವನೆಂದು ಹೇಳಿಕೊಂಡ, ಸುಮಾರು 400 ಜನ ಹಿಂದೆ ಹೋದರು, ಅವನು ಹತನಾದ ಮೇಲೆ ಗುಂಪು ಚದುರಿಹೋಯಿತು. ಗಮಲಿಯೇಲನ ಲೆಕ್ಕಾಚಾರ ಹೆಚ್ಚಾಗಿ ಸರಿ. ಆದರೆ ಕೆಲವು ಸಲ ನಾಯಕ ಸತ್ತರೂ ಗುಂಪು ಚದುರುವುದಿಲ್ಲ. ಗದ್ದುಗೆ ಮಗನಿಗೆ ಸಿಗುತ್ತದೆ, ಮಗನಿಗೆ ತಂದೆಗಿಂತ ದೊಡ್ಡ ಹಸಿವೆ ಇರುತ್ತದೆ. ಇಲ್ಲಿ ಆದದ್ದು ಅದೇ.

ಸಿದ್ದೀಕ್ ಹುಸೇನ್ 1952ರಲ್ಲಿ ತೀರಿಕೊಂಡರು. ಮಗ ಜಿಯಾ ಉಲ್ ಹಸನ್ ಪಾಕಿಸ್ತಾನಕ್ಕೆ ಹೋಗಿ ಮರ್ದಾನ್ ಎಂಬ ಊರಿನಲ್ಲಿ ನೆಲೆಸಿದ. ಅಲ್ಲಿಂದಲೇ ಇಲ್ಲಿಯ ಶಿಷ್ಯರ ಮೇಲೆ ಹಿಡಿತ ಇಟ್ಟುಕೊಂಡ. 1999ರಲ್ಲಿ ತಂದೆಯ ಉರುಸಿನ ನೆಪದಲ್ಲಿ ಹೈದರಾಬಾದಿಗೆ ಬಂದಾಗ, ಆಯ್ದ ಕೆಲವರನ್ನು ಕೂಡಿಸಿ ಸಂಚು ಹೂಡಿದನೆಂದು ತನಿಖೆ ಮಾಡಿದವರು ಹೇಳಿದರು. ಸಂಸ್ಥೆಯ ಹಿರಿಯರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಆಶ್ರಮಕ್ಕೆ ಹೋಗಿ ಪ್ರಾರ್ಥಿಸಿ ಬರುತ್ತಿದ್ದ ಎಷ್ಟೋ ಬಡ ಕುಟುಂಬಗಳಿಗೆ ಒಳಗೆ ಏನು ಬೇಯುತ್ತಿದೆಯೆಂದು ತಿಳಿದಿರಲಾರದು ಎಂದೇ ನಾನೂ ನಂಬುತ್ತೇನೆ. ಇಂಥ ಪಂಥಗಳಲ್ಲಿ ಹೊರಗಿನ ಅಂಗಳ ಬೇರೆ, ಒಳಕೋಣೆ ಬೇರೆ.

ಬಾಂಬುಗಳು 2000ದ ಬೇಸಿಗೆಯ ಕೊನೆಗೆ ಆಂಧ್ರದಲ್ಲಿ ಆರಂಭವಾದವು. ಜೂನ್ 8ರಂದು ಒಂದೇ ದಿನ ಆಂಧ್ರದ ಒಂಗೋಲು, ತಾಡೇಪಲ್ಲಿಗೂಡೆಂ, ಗೋವೆಯ ವಾಸ್ಕೊ, ನಮ್ಮ ವಾಡಿ, ಹೀಗೆ ಮೂರು ರಾಜ್ಯಗಳಲ್ಲಿ ದೇವಾಲಯಗಳ ಮೇಲೆ ದಾಳಿ. ವಾಡಿಯಲ್ಲಿ ಆದದ್ದು ಸಂತ ಅನ್ನಮ್ಮನವರ ದೇವಾಲಯದಲ್ಲಿ. ಜುಲೈ 8ರಂದು ಹುಬ್ಬಳ್ಳಿಯ ಕೇಶ್ವಾಪುರದ ಲೂಥರನ್ ದೇವಾಲಯ. ಮರುದಿನ ಭಾನುವಾರ, ಬೆಂಗಳೂರಿನ ಜಗಜೀವನರಾಮ್ ನಗರದ ಸಂತ ಪೇತ್ರ ಪೌಲರ ದೇವಾಲಯ.

ಆ ತಿಂಗಳು ನಮ್ಮ ಮನೆಗಳಲ್ಲಿ ಏನು ಮಾತಾಡಿಕೊಂಡೆವು ಎಂಬುದನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳೋಣ. ಹಿಂದಿನ ವರ್ಷವಷ್ಟೇ, 1999ರ ಜನವರಿಯಲ್ಲಿ, ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟು ಕೊಂದಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ಹೀಗಾಗಿ ವಾಡಿಯ ಸುದ್ದಿ ಬಂದಾಗ ಯಾರು ಮಾಡಿದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಗೊತ್ತಿದೆ ಎಂದುಕೊಂಡೆವು. ನಮ್ಮ ಮನೆಯಲ್ಲಿ ಸಂಜೆ ಜಪಸರ ಮುಗಿದ ಮೇಲೆ ನಮ್ಮ ಕಾಕಾ, ‘ಮತ್ಯಾರ್ ಮಾಡ್ತಾರ? ಅವ್ರ ಮಾಡ್ಯಾರ’ ಅಂದರು. ನಾನು ಹೂಂ ಅಂದೆ. ಮರುದಿನ ಇಳಕಲ್ಲಿನ ಪೇಟೆಯಲ್ಲಿ, ಇಪ್ಪತ್ತು ವರ್ಷ ನಮಗೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಯ ಅಣ್ಣಾವರ ಮುಖ ನೋಡಿ ಮಾತಾಡಲು ನನಗೆ ಆಗಲಿಲ್ಲ. ಅವರ ಹಣೆಯ ಮೇಲಿನ ವಿಭೂತಿಯೇ ನನಗೆ ಅಪರಾಧವಾಗಿ ಕಂಡಿತು. ಸಾಮಾನು ಕಟ್ಟಿಸಿಕೊಂಡು ತುಟಿ ಬಿಚ್ಚದೆ ಬಂದೆ.

ಬಾಂಬಿಟ್ಟವರಿಗೆ ಬೇಕಾಗಿದ್ದುದೂ ಇದೇ. ಅವರ ಲೆಕ್ಕದಲ್ಲಿ ದೇವಾಲಯದ ಗೋಡೆ ಬಿರಿಯುವುದು ಸಣ್ಣ ಕೆಲಸ. ಕಿರಾಣಿ ಅಂಗಡಿಯವರಿಗೂ ನನಗೂ ನಡುವೆ ಬಿರುಕು ಬಿಡುವುದೇ ದೊಡ್ಡದು.

ಜುಲೈ 9ರಂದೇ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಹೊರಟಿದ್ದ ಒಂದು ಮಾರುತಿ ವ್ಯಾನಿನೊಳಗೆ ಸ್ಫೋಟವಾಯಿತು. ಬಾಂಬು ಸಾಗಿಸುತ್ತಿದ್ದವರಲ್ಲಿ ಇಬ್ಬರು ಸತ್ತರು, ಮೂರನೆಯವನು ಗಾಯಗೊಂಡು ಸಿಕ್ಕಿಬಿದ್ದ. ಅಲ್ಲಿಂದ ಎಳೆ ಹಿಡಿದು ಹೋದ ಪೊಲೀಸರು ದೀನದಾರ್ ಅಂಜುಮನ್ ತನಕ ತಲುಪಿದರು. ಕ್ರೈಸ್ತರನ್ನು ಬೈದು ಬರೆದ ಕರಪತ್ರಗಳೂ ಸಿಕ್ಕವು. ಓದಿದವರು ಅವನ್ನು ಹಿಂದೂ ಸಂಘಟನೆಯ ಬರಹವೆಂದೇ ನಂಬುವ ಹಾಗಿದ್ದವು. ತಂದೆ ಚನ್ನಬಸವಣ್ಣನವರ ಹೆಸರನ್ನು ಎರವಲು ತೆಗೆದುಕೊಂಡಿದ್ದರು. ಮಗನ ಶಿಷ್ಯರು ನಮ್ಮ ನೆರೆಹೊರೆಯವರ ಹೆಸರನ್ನೇ ಕದ್ದರು. ಹಿಂದೂಗಳೂ ಕ್ರೈಸ್ತರೂ ಒಬ್ಬರ ಮೇಲೊಬ್ಬರು ಬೀಳಲಿ ಎಂಬುದೇ ಸಂಚಿನ ತಿರುಳು ಎಂದು ಪೊಲೀಸರು ನ್ಯಾಯಾಲಯದಲ್ಲಿ ವಾದಿಸಿದರು.

ಹಾಗೆಂದು ನಮ್ಮ ಭಯವೆಲ್ಲ ಸುಳ್ಳು ಎಂದು ತಿಳಿಯಬೇಡಿ. ಸ್ಟೇನ್ಸ್ ಅವರ ಕೊಲೆ ಯಾವ ದೀನದಾರರ ಕೆಲಸವೂ ಅಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆಯ ದೇವಾಲಯಗಳ ಮೇಲೆ ಹಾಡಹಗಲೇ ನಡೆದ ದಾಳಿಯೂ ಅಲ್ಲ. ಪ್ರತಿಯೊಂದು ಏಟಿಗೂ ಅದರದೇ ಕೈ ಇರುತ್ತದೆ. ಆ ಕೈ ಯಾರದೆಂದು ಕಾಣುವ ಮೊದಲೇ ಒಂದಿಡೀ ಜನಾಂಗದ ಮುಖ ನೋಡುವುದನ್ನು ನಿಲ್ಲಿಸಿದೆನಲ್ಲ, ನಾನು ಹೇಳುತ್ತಿರುವುದು ಆ ತಪ್ಪನ್ನು.

ಕೇಂದ್ರ ಸರ್ಕಾರ 2001ರಲ್ಲಿ ಸಂಸ್ಥೆಯನ್ನು ನಿಷೇಧಿಸಿತು. ಬೆಂಗಳೂರಿನ ವಿಶೇಷ ನ್ಯಾಯಾಲಯ 2008ರ ನವೆಂಬರಿನಲ್ಲಿ 23 ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿ, 11 ಮಂದಿಗೆ ಮರಣದಂಡನೆ, 12 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗಲ್ಲಿನ ತೀರ್ಪು ಉಚ್ಚ ನ್ಯಾಯಾಲಯದ ದೃಢೀಕರಣಕ್ಕೆ ಹೋಗಲೇಬೇಕು, ಇದೂ ಹೋಯಿತು. ಮರ್ದಾನಿನಲ್ಲಿದ್ದವನನ್ನು ಮಾತ್ರ ಆ ವಿಚಾರಣೆಯ ಕಟಕಟೆಗೆ ತರಲಾಗಲಿಲ್ಲ. ಮಾತು ಕೊಟ್ಟು ಕಳುಹಿಸಿದವನು ಗಡಿಯಾಚೆ, ಮಾತು ನಂಬಿದವರು ಸೆರೆಮನೆಯಲ್ಲಿ. ಆ ಕಂಬಿಗಳ ಹಿಂದೆ ಇದ್ದವರಿಗೂ ತಾಯಂದಿರಿದ್ದರು, ಹೆಂಡಿರು ಮಕ್ಕಳಿದ್ದರು. ಮಗ ಯಾವ ಗುರುವಿನ ಬಳಿ ಹೋಗುತ್ತಾನೆ, ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳಬಾರದೆಂಬ ಕಟ್ಟಳೆ ಏಕಿದೆ, ತಿಂಗಳುಗಟ್ಟಲೆ ಪರವೂರಿನಲ್ಲಿ ಏನು ಕೆಲಸ ಎಂದು ಯಾರಾದರೂ ಗಟ್ಟಿಯಾಗಿ ಕೇಳಿದ್ದರೋ ಏನೋ. ನಮ್ಮ ಮಕ್ಕಳು ನಮ್ಮದೇ ಹೆಸರಿನ ಪ್ರಾರ್ಥನಾಕೂಟಗಳಿಗೆ ಹೋದಾಗಲೂ ಈ ಪ್ರಶ್ನೆಗಳನ್ನು ಕೇಳಲು ನಾಚಬೇಡಿ. ತನ್ನ ಬಗ್ಗೆ ಬೈಬಲಿನಲ್ಲೇ ಬರೆದಿದೆ ಎನ್ನುವ ಬೋಧಕರು ನಮ್ಮಲ್ಲೂ ಹುಟ್ಟಬಲ್ಲರು.

ತೀರ್ಪು ಬಂದ ದಿನ ಕೆಲವರು ‘ಸರಿಯಾಯಿತು’ ಎಂದರು. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಹತ್ತು ವರ್ಷಗಳ ನಂತರ, 2018ರಲ್ಲಿ, ಫ್ರಾನ್ಸಿಸ್ ಜಗದ್ಗುರುಗಳು ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಧರ್ಮೋಪದೇಶ ಗ್ರಂಥದಲ್ಲೇ ತಿದ್ದುಪಡಿ ಮಾಡಿಸಿದಾಗ ಆ 11 ಜನರು ನೆನಪಾದರು.

ಕಿರಾಣಿ ಅಂಗಡಿಯ ಮಾತು ಅರ್ಧಕ್ಕೇ ನಿಂತಿತು. ವ್ಯಾನಿನ ಸುದ್ದಿ ಬಂದು ಒಂದು ವಾರ ಕಳೆದ ಮೇಲೆ ಹೋದೆ. ಅಣ್ಣಾವರು ಪತ್ರಿಕೆ ಓದುತ್ತಾ ಕುಳಿತಿದ್ದರು. ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತೆಲ್ಲ ಗಂಟಲಲ್ಲೇ ಉಳಿಯಿತು. ‘ಬೇಳಿ ಒಂದ್ ಕಿಲೊ ಕೊಡ್ರಿ’ ಅಂದೆ. ಅವರು ತಕ್ಕಡಿ ಹಿಡಿದು, ‘ಹ್ವಾದ ವಾರ ಭಾಳ ಸಿಟ್ಟಿನ್ಯಾಗ ಇದ್ರೆಲ್ಲರಿ ಅಕ್ಕಾರ, ನಾ ಏನರ ತಪ್ಪ್ ಮಾಡೀನೇನು ಅಂತ ಮನಿಯಾಗ ಕೇಳ್ದೆ’ ಅಂದರು.