ಹದ ಕೆಟ್ಟ ಅಲಗು

ಚಿಕ್ಕೋಡಿ ಸೀಮೆಯ ಸದಲಗಾ ಪಟ್ಟಣವು ದೂಧಗಂಗಾ ನದಿಯ ದಂಡೆಯ ಮೇಲಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಕೊಲ್ಲಾಪುರದ ಸೀಮೆಯನ್ನು ಹಾಯ್ದು ಬರುವ ಈ ನದಿಯು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಇದರ ಎರಡೂ ದಂಡೆಗಳಲ್ಲಿ ಕಣ್ಣು ಹಾಯುವವರೆಗೆ ಕಬ್ಬಿನ ಹೊಲಗಳಿವೆ. ನದಿಯ ನೀರನ್ನು ಹೊಲಕ್ಕೆ ಎತ್ತಲು ರೈತರು ದಡದಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಅವುಗಳ ಮೇಲೆ ಪಂಪುಗಳನ್ನು ಕೂರಿಸಿದ್ದಾರೆ. ಮಳೆಗಾಲದಲ್ಲಿ ನದಿ ಏರತೊಡಗಿತೆಂದರೆ ಮೊದಲು ಓಡುವುದು ಈ ಪಂಪುಗಳ ಕಡೆಗೆ. ಅವುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸದಿದ್ದರೆ ಕೆಸರು ಹೊಕ್ಕು ಮೋಟಾರು ಹಾಳಾಗುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಉಕ್ಕಿ ಬಂದುದನ್ನು ಈ ಭಾಗದವರು ಇನ್ನೂ ಮರೆತಿಲ್ಲ. ಅಂದು ನಮ್ಮ ಪಂಪಿನ ನಾಲ್ಕು ಬೋಲ್ಟುಗಳ ಪೈಕಿ ಮೂರು ಪಾನೆಗೆ ಬಗ್ಗಿದವು. ನಾಲ್ಕನೆಯದು ತುಕ್ಕು ಹಿಡಿದು ಕಲ್ಲಿನಂತಾಗಿತ್ತು. ಅದನ್ನು ಕೊಯ್ಯುವುದೊಂದೇ ಉಳಿದ ದಾರಿ. ಆದರೆ ಕಟ್ಟೆಯ ಗೋಡೆಗೂ ಪಂಪಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಹ್ಯಾಕ್ಸಾ ಗರಗಸದ ಚೌಕಟ್ಟು ಅಲ್ಲಿ ಹಿಡಿಯಲಿಲ್ಲ. ನನ್ನ ಜೇಬಿನಲ್ಲಿ ಮಡಚುವ ಬಹೂಪಯೋಗಿ ಉಪಕರಣವೊಂದಿತ್ತು. ಇಕ್ಕಳ, ಚಾಕು, ತಿರುಪುಳಿ, ಗರಗಸ ಎಲ್ಲವೂ ಒಂದೇ ಹಿಡಿಕೆಯಲ್ಲಿ ಅಡಗಿರುವ ಇದನ್ನು ಪೇಟೆಯಲ್ಲಿ ಮಲ್ಟಿಟೂಲ್ ಎಂದು ಕರೆಯುತ್ತಾರೆ. ಅದರ ಗರಗಸವು ಹಿಂದಿನ ವರ್ಷವೇ ಮುರಿದಿದ್ದುದರಿಂದ, ಹ್ಯಾಕ್ಸಾ ಅಲಗಿನ ತುಂಡೊಂದನ್ನು ನಾನೇ ತಿದ್ದಿ ಅದರ ಸ್ಥಾನದಲ್ಲಿ ಕೂರಿಸಿದ್ದೆನು. ನನ್ನ ಕೈಚಳಕದ ಬಗ್ಗೆ ನನಗೆ ಬಹಳ ಅಭಿಮಾನವಿದ್ದಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಬೋಲ್ಟಿನ ಮೇಲೆ ಎಳೆದೆನು. ಹತ್ತು ಎಳೆತಗಳಲ್ಲಿ ಬೋಲ್ಟಿನ ಮೇಲೆ ಹೊಳೆಯುವ ಒಂದು ಗೆರೆ ಮೂಡಿತು. ಅಲಗಿನ ಹಲ್ಲುಗಳು ಮಾತ್ರ ಸವೆದು ನುಣ್ಣಗಾಗಿದ್ದವು. ನೀರು ಸೊಂಟಕ್ಕೆ ಬಂದಾಗ ಪಂಪನ್ನು ಅಲ್ಲಿಯೇ ಬಿಟ್ಟು ಮೇಲೆ ಬಂದೆವು.

ನೆರೆ ಇಳಿದ ಮೇಲೆ ಆ ಅಲಗನ್ನು ತೆಗೆದುಕೊಂಡು ನಮ್ಮೂರಿನ ಹಿರಿಯ ಕಂಬಾರರೊಬ್ಬರ ಬಳಿಗೆ ಹೋದೆನು. ಕುಡುಗೋಲು, ಕೊಡಲಿ, ಕಬ್ಬು ಕಡಿಯುವ ಕೊಯ್ತಾಗಳನ್ನು ಬಡಿಯುತ್ತ ಮುದುಕರಾದವರು ಅವರು. ಅಲಗನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಬದಿಗಿದ್ದ ಅರವನ್ನು ಅದರ ಅಂಚಿನ ಮೇಲೆ ಒಮ್ಮೆ ಆಡಿಸಿದರು. ಅರ ಕಚ್ಚಿತು, ಸಣ್ಣ ಪುಡಿ ಉದುರಿತು.

"ಮಾಸ್ತರ, ಇದನ್ನ ಒಲಿಯಾಗ ಇಟ್ಟಿದ್ರಿ ಏನು?" ಎಂದರು.

"ಹೌದು ಕಾಕಾ, ತೂತು ಕೊರೀಲಿಕ್ಕೆ ಭಾಳ ಗಟ್ಟಿ ಇತ್ತು. ಕೆಂಪಗ ಕಾಸಿ ಆರಲಿಕ್ಕೆ ಬಿಟ್ಟೆ. ಆಮ್ಯಾಲೆ ಸರಳ ಕೊರೀತು."

"ಸರಳ ಕೊರೀತು ಅಂದ್ರ ಸತ್ತು ಹೋಗಿತ್ತು ಅಂತ ತಿಳೀರಿ" ಎಂದು ಅವರು ನಕ್ಕರು.

ಅವರು ಹೇಳಿದ ಮಾತಿನ ಒಳ ಅರ್ಥವನ್ನು ತಿಳಿಯಬೇಕಾದರೆ ಉಕ್ಕಿನ ಸ್ವಭಾವವನ್ನು ಅರಿಯಬೇಕು. ಕಬ್ಬಿಣಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಇಂಗಾಲವು ಬೆರೆತಾಗ ಉಕ್ಕು ಆಗುತ್ತದೆ. ಗರಗಸ, ಅರ ಮೊದಲಾದ ಉಪಕರಣಗಳ ಸಾಮಾನ್ಯ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಇಂಥ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಕೆಂಪಗೆ ಕಾಯಿಸಿ ಥಟ್ಟನೆ ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಅದ್ದಿದರೆ, ಇಂಗಾಲದ ಕಣಗಳಿಗೆ ಹೊರಬರಲು ಅವಕಾಶವೇ ದೊರೆಯದೆ ಅವು ಕಬ್ಬಿಣದ ಹರಳುಗಳ ಒಳಗೇ ಸಿಕ್ಕಿಕೊಳ್ಳುತ್ತವೆ. ಆಗ ಉಕ್ಕು ಅತಿ ಗಟ್ಟಿಯಾಗುತ್ತದೆ. ಆದರೆ ಗಾಜಿನಂತೆ ಒಡೆಯುವ ಗುಣವನ್ನೂ ಪಡೆಯುತ್ತದೆ. ಅದನ್ನು ಮತ್ತೆ ಸ್ವಲ್ಪವೇ ಕಾಯಿಸಿದರೆ ಗಡಸುತನ ತುಸು ಇಳಿದು ತಾಳಿಕೆ ಬರುತ್ತದೆ. ಇದಕ್ಕೆ ಹದ ಕೊಡುವುದು ಎಂದು ಹೆಸರು. ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಮಾತ್ರ ಗಡಸುತನವೆಲ್ಲ ಮಾಯವಾಗಿ ಉಕ್ಕು ಮೆತ್ತಗಾಗುತ್ತದೆ. ನಾನು ಮಾಡಿದ್ದು ಇದನ್ನೇ.

ಹದದ ಶಾಖವನ್ನು ಹಿಂದಿನ ಕಂಬಾರರು ಬಣ್ಣದಿಂದಲೇ ಅಳೆಯುತ್ತಿದ್ದರು. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಮೆಲ್ಲನೆ ಕಾಯಿಸಿದಾಗ 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ತೆಳು ಹಳದಿ ಬಣ್ಣ ಮೂಡುತ್ತದೆ. ಮುಂದೆ ಅದು ಕಂದಾಗಿ, ನೇರಿಳೆಯಾಗಿ, 300 ಡಿಗ್ರಿಯ ಹತ್ತಿರ ನೀಲಿಯಾಗುತ್ತದೆ. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಹರಿತವಾದ ಅಂಚು ನಿಲ್ಲುತ್ತದೆ. ನೀಲಿಯಲ್ಲಿ ನಿಲ್ಲಿಸಿದರೆ ಸ್ಪ್ರಿಂಗಿನ ಬಾಗುವ ಗುಣ ಬರುತ್ತದೆ. ಸಾಣೆಚಕ್ರಕ್ಕೆ ಹಿಡಿದ ಗರಗಸದ ಹಲ್ಲುಗಳು ನೀಲಿಗಟ್ಟಿದರೆ ಅವುಗಳ ಕೆಲಸ ಮುಗಿಯಿತೆಂದೇ ಲೆಕ್ಕ.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನೂ ಕಟ್ಟಿಗೆಯ ಚೂರುಗಳನ್ನೂ ಇಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕನ್ನು ತಯಾರಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಯುರೋಪಿನವರು ಈ ಉಕ್ಕನ್ನು 'ವೂಟ್ಜ್' ಎಂದು ಕರೆದರು. ಇದು ಕನ್ನಡದ 'ಉಕ್ಕು' ಎಂಬ ಶಬ್ದದಿಂದಲೇ ಬಂದಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮುಂಬಯಿಯಲ್ಲಿದ್ದ ಸ್ಕಾಟ್ ಎಂಬ ವೈದ್ಯನು ಇದರ ತುಣುಕುಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದನು. ಅವುಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಬರೆದ ಲೇಖನದಲ್ಲಿ, ಜೇಮ್ಸ್ ಸ್ಟೋಡಾರ್ಟ್ ಎಂಬ ಕುಶಲಕರ್ಮಿಯು ಆ ಉಕ್ಕಿನಿಂದ ಒಂದು ಕಿರುಚಾಕುವನ್ನು ಮಾಡಿದ ಸಂಗತಿ ಬರುತ್ತದೆ. ಮುಂದೆ ಇದೇ ಸ್ಟೋಡಾರ್ಟ್, ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ವಿದ್ಯುತ್ತಿನ ವಿಷಯದಲ್ಲಿ ನೀವು ಓದುವ ಫ್ಯಾರಡೆ ಇವನೇ.

ನಮ್ಮ ಅಲಗಿನ ಕಡೆಗೆ ಮರಳೋಣ. "ಮತ್ತೆ ಕೆಂಪಗ ಕಾಸಿ ನೀರಾಗ ಅದ್ದಿದ್ರ ಜೀವಾ ಬರೂದಿಲ್ಲೇನು?" ಎಂದು ನಾನು ಕೇಳಿದೆನು. ಕುಡುಗೋಲಿಗಾದರೆ ಬಂದೀತು, ಈ ಕಾಗದದಂಥ ತಗಡಿಗೆ ಬಾರದು ಎಂದರು ಕಂಬಾರರು. ಹ್ಯಾಕ್ಸಾ ಅಲಗಿನ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿಲ್ಲ. ಅಷ್ಟು ತೆಳುವಾದುದು ನೀರಿಗೆ ಬಿದ್ದೊಡನೆ ಸೊಟ್ಟಗಾಗುತ್ತದೆ. ಸಣ್ಣ ಹಲ್ಲುಗಳ ತುದಿಯಲ್ಲಿರುವ ಇಂಗಾಲವು ಬೆಂಕಿಯಲ್ಲಿ ಸುಟ್ಟುಹೋಗುತ್ತದೆ. ಹೀಗಾಗಿ ಆ ತುಂಡನ್ನು ಅವರು ಗುಜರಿಯ ಡಬ್ಬಿಗೆ ಎಸೆದು, ಹೊಸ ಅಲಗನ್ನು ತರಲು ಹೇಳಿದರು.

ಅಂಗಡಿಯಲ್ಲಿ ಎರಡು ಬಗೆಯ ಅಲಗುಗಳು ದೊರೆತವು, ಎರಡನ್ನೂ ತಂದೆನು. ಕಂಬಾರರು ಪ್ರತಿಯೊಂದರ ಮೂಲೆಯನ್ನು ಸಾಣೆಚಕ್ರಕ್ಕೆ ತಾಗಿಸಿ ಕಿಡಿಗಳನ್ನು ನೋಡಿದರು. ಒಂದರಿಂದ ದೀಪಾವಳಿಯ ಸುರುಸುರುಬತ್ತಿಯಂತೆ ಬಿಳಿ ಹಳದಿ ಕಿಡಿಗಳು ಕವಲೊಡೆದು ಹಾರಿದವು. ಅದು ಸಾಮಾನ್ಯ ಇಂಗಾಲದ ಉಕ್ಕು. ಇನ್ನೊಂದರ ಹಲ್ಲಿನ ಕಡೆಯಿಂದ ಮಂದವಾದ ಕೆಂಪು ಗೆರೆಗಳಷ್ಟೇ ಹೊರಟವು. ಅದು ಟಂಗ್‌ಸ್ಟನ್, ಮಾಲಿಬ್ಡಿನಮ್ ಮುಂತಾದ ಲೋಹಗಳು ಬೆರೆತ 'ಹೈಸ್ಪೀಡ್' ಉಕ್ಕು. ಇದು ಸುಮಾರು 600 ಡಿಗ್ರಿಯ ಶಾಖದವರೆಗೂ ಗಡಸುತನವನ್ನು ಬಿಟ್ಟುಕೊಡುವುದಿಲ್ಲ. ಇಡೀ ಅಲಗನ್ನು ಇದರಿಂದಲೇ ಮಾಡಿದರೆ ಬಾಗಿಸಿದಾಗ ಮುರಿಯುತ್ತದೆ. ಆದುದರಿಂದ ಬಾಗುವ ಉಕ್ಕಿನ ಬೆನ್ನಿಗೆ ಹೈಸ್ಪೀಡ್ ಉಕ್ಕಿನ ಹಲ್ಲಿನ ಪಟ್ಟಿಯನ್ನು ಬೆಸೆದು 'ಬೈಮೆಟಲ್' ಅಲಗುಗಳನ್ನು ತಯಾರಿಸುತ್ತಾರೆ. ನಾವು ಅದನ್ನೇ ಆರಿಸಿಕೊಂಡೆವು.

ತೂತಿನ ಸಮಸ್ಯೆಯನ್ನು ಕಂಬಾರರು ಬಗೆಹರಿಸಿದ ರೀತಿ ನನ್ನನ್ನು ನಾಚಿಸಿತು. ಹ್ಯಾಕ್ಸಾ ಅಲಗನ್ನು ಚೌಕಟ್ಟಿಗೆ ಸಿಕ್ಕಿಸಲು ಅದರ ಎರಡೂ ತುದಿಗಳಲ್ಲಿ ಕಾರ್ಖಾನೆಯವರೇ ತೂತು ಕೊರೆದಿರುತ್ತಾರೆ! ನಾನು ಮುರಿದ ಅಲಗಿನ ನಡುವಿನ ತುಂಡನ್ನು ಹಿಡಿದುಕೊಂಡು ಇಲ್ಲದ ತೂತಿಗಾಗಿ ಒಲೆ ಹೊತ್ತಿಸಿದ್ದೆನು. ಇದ್ದ ತೂತು ನಮ್ಮ ಉಪಕರಣದ ಕೀಲಿಗೆ ಕೂದಲೆಳೆಯಷ್ಟು ಚಿಕ್ಕದಾಗಿತ್ತು. ದುಂಡನೆಯ ಸಾಣೆಕಡ್ಡಿಯಿಂದ ಉಜ್ಜಿದಾಗ ಸರಿಹೋಯಿತು.

ಎರಡು ತುದಿಗಳಲ್ಲಿ ಯಾವುದನ್ನು ಕೀಲಿಗೆ ಹಾಕಬೇಕೆಂಬುದರಲ್ಲಿಯೂ ಒಂದು ಸೂಕ್ಷ್ಮವಿದೆ. ಗರಗಸದ ಹಲ್ಲುಗಳು ಒಂದೇ ದಿಕ್ಕಿಗೆ ವಾಲಿರುತ್ತವೆ. ಚೌಕಟ್ಟಿನಲ್ಲಿ ಅಲಗು ಬಿಗಿಯಾಗಿ ಎಳೆದು ನಿಂತಿರುವುದರಿಂದ ಹಲ್ಲುಗಳನ್ನು ಮುಂದಕ್ಕೆ ಮಾಡಿ ತಳ್ಳಿ ಕೊಯ್ಯುತ್ತೇವೆ. ಜೇಬಿನ ಉಪಕರಣದಲ್ಲಿ ಅಲಗಿಗೆ ಆಸರೆ ಒಂದೇ ತುದಿಯಲ್ಲಿ. ತೆಳುವಾದ ಅಲಗನ್ನು ತಳ್ಳಿದರೆ ಅದು ಬಾಗಿ ಮುರಿಯುತ್ತದೆ. ಎಳೆದರೆ ಮಾತ್ರ ದಾರದಂತೆ ನೆಟ್ಟಗೆ ನಿಲ್ಲುತ್ತದೆ. ಜಪಾನಿನ ಬಡಿಗರ ತೆಳು ಗರಗಸಗಳು ಎಳೆದಾಗಲೇ ಕೊಯ್ಯುವುದು ಇದೇ ಕಾರಣಕ್ಕೆ. ಆದುದರಿಂದ ಹಲ್ಲುಗಳು ಯಾವ ತುದಿಯ ಕಡೆಗೆ ವಾಲಿವೆಯೋ ಆ ತುದಿಯೇ ಕೀಲಿಗೆ ಹೋಗಬೇಕು.

ಮುಂದಿನ ಕೆಲಸಕ್ಕೆ ಬೇಕಾದುದು ತಾಳ್ಮೆ ಮತ್ತು ಒಂದು ಬೋಗುಣಿ ನೀರು. ಹಳೆಯ ಮುರಿದ ಗರಗಸದ ಬುಡವನ್ನು ಹೊಸ ಅಲಗಿನ ಮೇಲಿಟ್ಟು ಮೊಳೆಯಿಂದ ಗುರುತು ಗೀರಿದೆವು. ಬೇಕಾದ ಉದ್ದಕ್ಕೆ ಸಾಣೆಚಕ್ರದ ಅಂಚಿನಿಂದ ಎರಡೂ ಮೈಗಳಲ್ಲಿ ಗೆರೆ ಹೊಡೆದು, ಅಲಗನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಇಕ್ಕಳದಿಂದ ಹಿಡಿದು ಮುರಿದೆವು. ಹೀಗೆ ಮುರಿಯುವಾಗ ಗಡಸು ಉಕ್ಕಿನ ಚೂರು ಬಂದೂಕಿನ ಗುಂಡಿನಂತೆ ಹಾರುವುದುಂಟು. ಕಣ್ಣಿಗೆ ಕನ್ನಡಕವಿಲ್ಲದೆ, ಹಿರಿಯರು ಬದಿಗಿಲ್ಲದೆ ನೀವು ಇದನ್ನು ಮಾಡತಕ್ಕದ್ದಲ್ಲ. ಅಗಲವನ್ನು ಬೆನ್ನಿನ ಕಡೆಯಿಂದಲೇ ಇಳಿಸಬೇಕು. ಹಲ್ಲಿನ ಕಡೆಗೆ ಸಾಣೆಚಕ್ರ ಸೋಕಬಾರದು. ಕಂಬಾರರು ಅಲಗನ್ನು ಬರಿಗೈಯಿಂದಲೇ ಹಿಡಿದಿದ್ದರು. "ಕೈಗೆ ಬಿಸಿ ಹತ್ತೂದ್ರೊಳಗ ನೀರಾಗ ಅದ್ದರಿ. ನಮ್ಮ ಬೆರಳ ತಾಳಿದ್ರ ಉಕ್ಕೂ ತಾಳತೈತಿ" ಎಂದರು. ಎರಡೆಣಿಕೆ ಉಜ್ಜುವುದು, ನೀರಿಗೆ ಅದ್ದುವುದು. ಮತ್ತೆ ಎರಡೆಣಿಕೆ, ಮತ್ತೆ ನೀರು. ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದ ಕೆಲಸ ಅವರ ಕೈಯಲ್ಲಿ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಹಳೆಯ ಗರಗಸ ದಪ್ಪವಾಗಿದ್ದುದರಿಂದ ಹೊಸ ಅಲಗು ಕೀಲಿನಲ್ಲಿ ಅಲುಗಾಡುತ್ತಿತ್ತು. ಎರಡೂ ಬದಿಗೆ ಹಿತ್ತಾಳೆಯ ತಗಡಿನ ಬಿಲ್ಲೆಗಳನ್ನು ಇಟ್ಟಾಗ ಅದು ಗಟ್ಟಿಯಾಗಿ ಕುಳಿತಿತು.

ಹಲ್ಲುಗಳ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಹ್ಯಾಕ್ಸಾ ಅಲಗುಗಳಲ್ಲಿ ಒಂದು ಅಂಗುಲಕ್ಕೆ 14, 18, 24 ಅಥವಾ 32 ಹಲ್ಲುಗಳಿರುತ್ತವೆ. ಕೊಯ್ಯುವ ವಸ್ತುವಿನ ದಪ್ಪದಲ್ಲಿ ಯಾವಾಗಲೂ ಮೂರು ಹಲ್ಲುಗಳಾದರೂ ಕೂಡಿರಬೇಕೆಂಬುದು ಕೆಲಸಗಾರರ ನಿಯಮ. 24 ಹಲ್ಲಿನ ಅಲಗಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು ಒಂದು ಮಿಲಿಮೀಟರ್ ಅಂತರ. ಮೂರು ಮಿಲಿಮೀಟರಿಗಿಂತ ತೆಳುವಾದ ಕೊಳವೆಯನ್ನು ಅದರಿಂದ ಕೊಯ್ಯಹೊರಟರೆ ಕೊಳವೆಯ ಅಂಚು ಹಲ್ಲುಗಳ ನಡುವೆ ಸಿಕ್ಕಿ ಹಲ್ಲು ಮುರಿಯುತ್ತದೆ. ನಮ್ಮ ಬೋಲ್ಟು ಕಿರುಬೆರಳಿನ ಗಾತ್ರದ್ದಾದುದರಿಂದ 24 ಹಲ್ಲಿನದೇ ಸಾಕಾಯಿತು.

ಜೇಬಿನ ಉಪಕರಣಗಳ ಬಳಕೆಯನ್ನು ಹಬ್ಬಿಸಿದವರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಮುಖ್ಯನಾದವನು. 1975ರಲ್ಲಿ ಹಳೆಯ ಕಾರೊಂದರಲ್ಲಿ ಯುರೋಪನ್ನು ಸುತ್ತುವಾಗ ಅದು ಮೇಲಿಂದ ಮೇಲೆ ಕೆಡುತ್ತಿತ್ತು. ಜೇಬಿನ ಚಾಕುವಿನೊಡನೆ ಇಕ್ಕಳವೂ ಇದ್ದಿದ್ದರೆ ಎಂದು ಅವನಿಗೆ ಅನಿಸಿತು. 1980ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. 1983ರಲ್ಲಿ ಉಪಕರಣವು ಮಾರಾಟಕ್ಕೆ ಬಂದಿತು. ಅವನ ಕಂಪನಿಯು ಮುಂದೆ ತಯಾರಿಸಿದ 'ಸರ್ಜ್' ಎಂಬ ಮಾದರಿಯಲ್ಲಿ ಗರಗಸವನ್ನು ಕಳಚಿ ಬೇರೆಯದನ್ನು ಹಾಕಬಹುದು. ವಿದ್ಯುತ್ ಜಿಗ್‌ಸಾ ಯಂತ್ರದ 'ಟಿ' ಆಕಾರದ ಬಾಲವುಳ್ಳ ಅಲಗುಗಳು ಅದಕ್ಕೆ ಹೊಂದುತ್ತವೆ. ಅಲಗು ಉದ್ದವಾಯಿತೆಂದರೆ ತುದಿಯನ್ನು ಕತ್ತರಿಸುತ್ತಾರೆಯೇ ಹೊರತು ಬಾಲವನ್ನು ಮುಟ್ಟುವುದಿಲ್ಲ.

2021ರ ಜುಲೈಯಲ್ಲಿ ದೂಧಗಂಗೆ ಮತ್ತೆ ಏರಿತು. ರಿಪೇರಿ ಮಾಡಿಸಿ ಕೂರಿಸಿದ್ದ ಪಂಪಿನ ಅದೇ ಮೂಲೆಯ ಬೋಲ್ಟು ಈ ಸಲವೂ ಪಾನೆಗೆ ಬಗ್ಗಲಿಲ್ಲ. ಗೋಡೆಯ ಸಂದಿನಲ್ಲಿ ಕೈ ತೂರಿಸಿ, ಅಲಗನ್ನು ಬೋಲ್ಟಿನ ಮೇಲಿಟ್ಟು ಮೆಲ್ಲಗೆ ಎಳೆದೆನು. ಕಬ್ಬಿಣದ ಹೊಳೆಯುವ ಪುಡಿ ನೀರಿನ ಮೇಲೆ ಉದುರಿತು. ಕಾಲು ತಾಸಿನಲ್ಲಿ ಬೋಲ್ಟು ಎರಡಾಯಿತು. ನೀರು ಕಟ್ಟೆಯನ್ನು ಮುಚ್ಚುವ ಮೊದಲೇ ನಾಲ್ವರು ಸೇರಿ ಪಂಪನ್ನು ಹೊತ್ತು ಟ್ರ್ಯಾಕ್ಟರಿಗೆ ಏರಿಸಿದೆವು.