ಕಂಪ್ಯೂಟರ್ ಪಾಠ: ಚೀಟಿ ನಂಬಿ ಡಬ್ಬ ತೆರೆಯಬೇಡಿ

ಮೆನು ಕಾರ್ಡು, ಸಪ್ಲೈಯರ್ ಬಿಲ್ಲು, ಮದುವೆ ಆರ್ಡರಿನ ಪಟ್ಟಿ ಎಲ್ಲವೂ ಈಗ ಇ-ಮೇಲ್ ಅಥವಾ ವಾಟ್ಸಾಪ್‌ನಲ್ಲೇ ಬರುತ್ತವೆ. ಆದರೆ ಕೆಲವು ಫೈಲುಗಳು ಎಷ್ಟು ಕ್ಲಿಕ್ ಮಾಡಿದರೂ ತೆರೆಯುವುದಿಲ್ಲ. ಇನ್ನು ಕೆಲವನ್ನು ತೆರೆಯಲೇಬಾರದು. ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳೇ ಎಕ್ಸ್‌ಟೆನ್ಷನ್. ಇದು ಸ್ಟೋರ್ ರೂಮಿನ ಡಬ್ಬಕ್ಕೆ ಅಂಟಿಸಿದ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಬರೀ ‘ಹಿಟ್ಟು’ ಎಂದಿದ್ದರೆ ಒಳಗಿರುವುದು ಅಕ್ಕಿಹಿಟ್ಟೋ ಮೈದಾವೋ ಗೊತ್ತಾಗದು. ಚೀಟಿ ಬದಲಿಸಿದ ಮಾತ್ರಕ್ಕೆ ಒಳಗಿನ ಹಿಟ್ಟೂ ಬದಲಾಗದು.

‘ಡಿಎಟಿ’ ಅಂಥ ಒಂದು ಚೀಟಿ. ಇ-ಮೇಲಿನಲ್ಲಿ ‘ವಿನ್‌ಮೇಲ್.ಡಿಎಟಿ’ ಬಂದರೆ, ಕಳುಹಿಸಿದವರ ಔಟ್‌ಲುಕ್ ‘ರಿಚ್ ಟೆಕ್ಸ್ಟ್’ನಲ್ಲಿದೆ ಎಂದರ್ಥ, ‘ಎಚ್‌ಟಿಎಂಎಲ್’ಗೆ ಬದಲಿಸಿ ಮತ್ತೆ ಕಳುಹಿಸಲು ಹೇಳಿ. ಹೋಟೆಲ್ ಉದ್ಘಾಟನೆಯ ಹಳೆಯ ವಿಸಿಡಿಯಲ್ಲಿರುವ ದೊಡ್ಡ ಡಿಎಟಿ ಫೈಲ್ ವೀಡಿಯೋ. ಅದು ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿನ ಫೋಲ್ಡರಿನಲ್ಲಿರುವ ಡಿಎಟಿ ನಿಮ್ಮ ಲೆಕ್ಕದ ಮಾಹಿತಿ ಇರಬಹುದು; ಅದನ್ನು ಮುಟ್ಟಬೇಡಿ.

‘ಸಿಡಿಆರ್’ ಕೂಡ ಹೀಗೆಯೇ. ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದರೆ ಅದು ಕೋರೆಲ್‌ಡ್ರಾ ಚಿತ್ರ. ಆಪಲ್ ಕಂಪ್ಯೂಟರಿನಲ್ಲಿ ಸಿಡಿಯ ನಕಲಿಗೂ ಅದೇ ಹೆಸರುಂಟು. ಮೆನು ನೋಡಲೆಂದು ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ; ಪ್ರೆಸ್ಸಿನವರಲ್ಲಿ ಪಿಡಿಎಫ್ ಕೇಳಿ.

ಗುರುತಿಸುವ ಕ್ರಮ ಹೀಗಿದೆ:

1. ವಿಂಡೋಸ್ ಸಾಮಾನ್ಯವಾಗಿ ಎಕ್ಸ್‌ಟೆನ್ಷನ್ ಅಡಗಿಸಿಡುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಒತ್ತಿ. ‘ಆರ್ಡರ್.ಪಿಡಿಎಫ್’ ಎಂದು ಕಂಡದ್ದು ‘ಆರ್ಡರ್.ಪಿಡಿಎಫ್.ಇಎಕ್ಸ್‌ಇ’ ಆಗಿದ್ದರೆ ಅದು ಪಟ್ಟಿಯಲ್ಲ, ಪ್ರೋಗ್ರಾಮ್. ಕೂಡಲೇ ಅಳಿಸಿ.

2. ಕಳುಹಿಸಿದವರಿಗೆ ಫೋನ್ ಮಾಡಿ, ಯಾವ ಸಾಫ್ಟ್‌ವೇರಿನಲ್ಲಿ ಮಾಡಿದ್ದೆಂದು ಕೇಳಿ.

3. ಪರಿಚಯದವರ ಫೈಲೇ ಆಗಿದ್ದರೆ, ಅದರ ನಕಲು ತೆಗೆದು, ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ ಮೂಲಕ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ ಅಕ್ಷರಗಳನ್ನಷ್ಟೇ ನೋಡಿ. ಶೇಕಡಾ ಚಿಹ್ನೆಯ ಜೊತೆ ‘ಪಿಡಿಎಫ್’ ಎಂದಿದ್ದರೆ ಪಿಡಿಎಫ್. ‘ಪಿಕೆ’ ಎಂದಿದ್ದರೆ ಜಿಪ್, ಇಲ್ಲವೇ ಈಗಿನ ವರ್ಡ್, ಎಕ್ಸೆಲ್ ಫೈಲ್ ಇರಬಹುದು. ‘ಎಂಜೆಡ್’ ಎಂದಿದ್ದರೆ ವಿಂಡೋಸ್ ಪ್ರೋಗ್ರಾಮ್, ಎಚ್ಚರ! ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ.

ಮೊಬೈಲಿನಲ್ಲಿ ‘ಎಪಿಕೆ’ ಎಂದು ಕೊನೆಗೊಳ್ಳುವ ಫೈಲ್ ಆಂಡ್ರಾಯ್ಡ್ ಆ್ಯಪ್. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆಯ ವೇಷದಲ್ಲಿ ಇಂಥವು ಬರುತ್ತಿವೆಯೆಂದು 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದರು. ಕ್ಯಾಟರಿಂಗ್‌ನವರಾದ ನಮಗೆ ಮದುವೆ ಕಾಗದ ಬರುವುದು ದಿನದ ಮಾತು. ಹಾಗಾಗಿ ಅಪಾಯವೂ ಹೆಚ್ಚು. ಅಂಥ ಆ್ಯಪ್ ಹಾಕಿಕೊಂಡರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೌಂಟರಿನಲ್ಲಿ ಕೂರುವ ಮ್ಯಾನೇಜರಿಗೂ, ಆರ್ಡರ್ ಬರೆದುಕೊಳ್ಳುವ ಹುಡುಗರಿಗೂ ಇದನ್ನು ತಪ್ಪದೆ ಓದಿ ಹೇಳಿ.